ಸದರಿ ಬೀರು

ಕಡತದ ಭಾಷೆಯಲ್ಲಿ 'ನಾನು' ಎಂಬ ಪದವಿಲ್ಲ. ಅಲ್ಲಿ ಎಲ್ಲರೂ 'ಸದರಿಯವರು'. ಮೂವತ್ತೈದು ವರ್ಷ ಅದೇ ಭಾಷೆಯಲ್ಲಿ ಟಿಪ್ಪಣಿ ಬರೆದ ಕೈಗೆ ಈಗ ಏಕಾಏಕಿ 'ನಾನು' ಎಂದು ಬರೆಯಲು ಹೇಳಿದರೆ ಬರುವುದಿಲ್ಲ. ಹಾಗಾಗಿ ಈ ಬರಹದಲ್ಲೂ ಸದರಿ ಗುಮಾಸ್ತ ಸದರಿ ಗುಮಾಸ್ತನಾಗಿಯೇ ಇರುತ್ತಾನೆ. ಊರು ಹರಿಹರ. 1989ರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ 2024ರ ಮೇ 31ರಂದು ಅಧೀಕ್ಷಕನಾಗಿ ನಿವೃತ್ತನಾದವನು. ಯಾವ ಇಲಾಖೆ ಎಂದು ಕೇಳಬೇಡಿ. ಹೆಸರು ಹೇಳಿದರೆ, ಇದು ಆ ಇಲಾಖೆಯ ಕಥೆ ಮಾತ್ರ ಎಂದು ಉಳಿದವರು ಸಮಾಧಾನಪಟ್ಟುಕೊಳ್ಳುತ್ತಾರೆ.

ಅವನ ಅಪ್ಪ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದರು. 1941ರಲ್ಲಿ ಶುರುವಾಗಿ ಹರಿಹರದ ಲೇತ್ ಯಂತ್ರಗಳನ್ನು ದೇಶಕ್ಕೆಲ್ಲ ಕಳಿಸಿದ ಕಾರ್ಖಾನೆ ಅದು. ಊರಿನ ಅರ್ಧ ಮನೆಗಳ ಗಡಿಯಾರ ಅದರ ಸೈರನ್. ಅಪ್ಪನದು ಇನ್‌ಸ್ಪೆಕ್ಷನ್ ವಿಭಾಗ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಬಂದರೂ ತುಂಡಿಗೆ ಕೆಂಪು ಬಣ್ಣ ಬಳಿದು ರಿಜೆಕ್ಟ್ ಪೆಟ್ಟಿಗೆಗೆ ಎಸೆಯುವುದು ಅವರ ಕೆಲಸ. ಮಗನಿಗೆ ಸರ್ಕಾರಿ ನೌಕರಿ ಸಿಕ್ಕ ಹೊಸದರಲ್ಲಿ, ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದರು:

"ನಿಮ್ಮ ಆಫೀಸ್ನಾಗೆ ದಿನಕ್ಕೆ ಎಷ್ಟು ಪೀಸ್ ತೆಗೀತೀರಲೇ?"

"ಪೀಸ್ ಎಲ್ಲಿಂದ ಬಂತಪ್ಪಾ, ನಾವು ಫೈಲ್ ವಿಲೇವಾರಿ ಮಾಡ್ತೀವಿ."

"ಆತು. ಅದ್ರಾಗೆ ರಿಜೆಕ್ಟ್ ಎಷ್ಟಾಗ್ತಾವು?"

ಮಗ ನಕ್ಕು ಸುಮ್ಮನಾಗಿದ್ದ. ಕಚೇರಿಯಲ್ಲಿ ರಿಜೆಕ್ಟ್ ಪೆಟ್ಟಿಗೆ ಇಲ್ಲ ಎಂಬುದು ಅವನಿಗೆ ಅರ್ಥವಾಗಲು ಇನ್ನೂ ಎಂಟು ವರ್ಷ ಬೇಕಾಯಿತು.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಮುಖ್ಯಮಂತ್ರಿ ಜೆ.ಎಚ್. ಪಟೇಲರು ಒಂದೇ ಏಟಿಗೆ ಏಳು ಹೊಸ ಜಿಲ್ಲೆ ಮಾಡಿದರು. ಅದರಲ್ಲಿ ಇದೊಂದು, ಅವರ ಸ್ವಂತ ತಾಲ್ಲೂಕು ಚನ್ನಗಿರಿಯೂ ಸೇರಿದ ಜಿಲ್ಲೆ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ, ಬಳ್ಳಾರಿಯಿಂದ ಹರಪನಹಳ್ಳಿ. ಒಳ್ಳೆಯ ಕೆಲಸವೇ. ಅಲ್ಲಿಯವರೆಗೆ ಒಂದು ಸಹಿಗಾಗಿ ಹರಿಹರದ ರೈತ ಬುತ್ತಿ ಕಟ್ಟಿಕೊಂಡು ಚಿತ್ರದುರ್ಗಕ್ಕೆ ಹೋಗಿ, ಸಾಹೇಬರು ಕ್ಯಾಂಪ್‌ನಲ್ಲಿದ್ದಾರೆ ಎಂದು ಕೇಳಿಸಿಕೊಂಡು ವಾಪಸು ಬರುತ್ತಿದ್ದ. ಜಿಲ್ಲೆ ಹತ್ತಿರ ಬಂದರೆ ಸಾಹೇಬರೂ ಹತ್ತಿರ ಬರುತ್ತಾರೆಂದು ಎಲ್ಲರೂ ನಂಬಿದ್ದರು.

ಹೊಸ ಜಿಲ್ಲೆಗೆ ಹೊಸ ಕಚೇರಿ, ಹೊಸ ಬೋರ್ಡು, ಹೊಸ ಮೊಹರು, ಹೊಸ ಪೀಠೋಪಕರಣ. ಗುಮಾಸ್ತನ ಕಚೇರಿ ಒಂದು ಬಾಡಿಗೆ ಮನೆಯಲ್ಲಿ ಶುರುವಾಯಿತು. ನಡುಮನೆಯಲ್ಲಿ ಸಾಹೇಬರು, ಅಡುಗೆಮನೆಯಲ್ಲಿ ಲೆಕ್ಕಪತ್ರ, ಬಚ್ಚಲುಮನೆಯಲ್ಲಿ ದಾಖಲೆ ಕೊಠಡಿ. ನಲ್ಲಿಗೆ ಬೆಂಡು ಜಡಿದು, ಒಲೆಯ ಮೇಲೆ ಹಲಗೆ ಹಾಸಿ, ಬಳ್ಳಾರಿಯಿಂದ ಬಂದ ಹರಪನಹಳ್ಳಿಯ ಕಡತಗಳನ್ನು ಜೋಡಿಸಿದ್ದರು. ಅಲ್ಲಿಗೆ ಬೇಕಾಗಿದ್ದುದು ಎರಡು ಕಬ್ಬಿಣದ ಬೀರು. ಬಂದದ್ದು ಆರು. ಯಾಕೆಂದರೆ ಅನುದಾನ ಬಂದದ್ದು ಆರಕ್ಕೆ. ಎರಡೇ ಸಾಕು ಎಂದು ಬರೆದರೆ ಮುಂದಿನ ವರ್ಷ ಎರಡರಷ್ಟೇ ದುಡ್ಡು ಬರುತ್ತದೆ, ಆಗ ಕುರ್ಚಿಗೆ ಏನು ಮಾಡುತ್ತೀರಿ ಎಂದು ಮೇಲಿನವರು ಕೇಳಿದರು. ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ.

ಖರೀದಿಗೆ ಮೂರು ದರಪಟ್ಟಿ ತರಿಸಬೇಕೆಂದು ನಿಯಮ. ಮೂರು ಬಂದವು, ಮೂರು ಅಂಗಡಿ, ಮೂರು ಲೆಟರ್‌ಹೆಡ್, ಮೂರು ದರ. ಆದರೆ ಮೂರರಲ್ಲೂ 'ಳ' ಅಕ್ಷರದ ಬಾಲ ಅರ್ಧ ಮುರಿದಿತ್ತು. ಒಂದೇ ಟೈಪ್‌ರೈಟರ್. ಗುಮಾಸ್ತ ಅದನ್ನು ಅಧೀಕ್ಷಕರಿಗೆ ತೋರಿಸಿದ. ಅವರು ಕನ್ನಡಕ ಏರಿಸಿ ನೋಡಿ, "ದರ ಬೇರೆ ಬೇರೆ ಐತಲ್ಲಪ್ಪಾ, ಅಕ್ಷರ ನೋಡೋಕೆ ಯಾವ ರೂಲ್ ಐತಿ?" ಎಂದರು. ರೂಲ್ ನಿಜಕ್ಕೂ ಇರಲಿಲ್ಲ. ಸರ್ಕಾರದ ದುಡ್ಡನ್ನು ವಿವೇಕಿಯಾದವನು ತನ್ನ ಸ್ವಂತ ದುಡ್ಡು ಖರ್ಚು ಮಾಡುವಷ್ಟೇ ಎಚ್ಚರದಿಂದ ಖರ್ಚು ಮಾಡಬೇಕು ಎಂಬ ಮಾತು ಮಾತ್ರ 1958ರ ಕರ್ನಾಟಕ ಆರ್ಥಿಕ ಸಂಹಿತೆಯಲ್ಲಿದೆ. ಆ ಪುಸ್ತಕವನ್ನು, ಬಂದ ಆರು ಬೀರುಗಳಲ್ಲಿ ಕೊನೆಯದರ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದರು. ಬೀರುವಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ 14/97 ಎಂದು ದಾಸ್ತಾನು ಸಂಖ್ಯೆ ಬರೆದರು. ಈ ಬರಹದ ಸದರಿ ಬೀರು ಇದೇ.

ಮಾರ್ಚ್ 31 ನೌಕರರಿಗೆ ಯುಗಾದಿಗಿಂತ ದೊಡ್ಡ ಹಬ್ಬ. ಆ ರಾತ್ರಿ ಖಜಾನೆಯ ಪಡಸಾಲೆಯಲ್ಲಿ ಜಿಲ್ಲೆಯ ಎಲ್ಲ ಕಚೇರಿಗಳ ಗುಮಾಸ್ತರು ಬಿಲ್ಲಿನ ಕಟ್ಟು ಬಗಲಲ್ಲಿಟ್ಟುಕೊಂಡು ಟೋಕನ್‌ಗೆ ಕಾಯುತ್ತಿದ್ದರು. ಹೊರಗೆ ಗಾಡಿಯವನು ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಮಾರುತ್ತಿದ್ದ. ವರ್ಷದಲ್ಲಿ ಆ ರಾತ್ರಿಯಷ್ಟು ವ್ಯಾಪಾರ ಅವನಿಗೆ ಜಾತ್ರೆಯಲ್ಲೂ ಆಗುತ್ತಿರಲಿಲ್ಲ. ಹನ್ನೆರಡು ಹೊಡೆಯುವುದರೊಳಗೆ ಬಿಲ್ ಪಾಸಾಗದಿದ್ದರೆ ಅನುದಾನ 'ಲ್ಯಾಪ್ಸ್'. ದುಡ್ಡು ಉಳಿಸಿದರೆ ಶಭಾಷ್ ಎನ್ನುವವರು ಮನೆಯಲ್ಲಿ ಮಾತ್ರ. ಕಚೇರಿಯಲ್ಲಿ ಉಳಿಸಿದವನಿಗೆ ಕಾರಣ ಕೇಳಿ ನೋಟಿಸ್ ಬರುತ್ತದೆ.

ಇಲ್ಲಿ ಗುಮಾಸ್ತ ತನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ ರಾತ್ರಿಗಳಲ್ಲಿ 'ಮೇಲ್ಕಂಡ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ವಹಿಯಲ್ಲಿ ದಾಖಲಿಸಲಾಗಿದೆ' ಎಂಬ ದೃಢೀಕರಣದ ಕೆಳಗೆ ಅವನು ಸಹಿ ಮಾಡಿದ್ದಾನೆ. ಸಾಮಗ್ರಿ ಇನ್ನೂ ಅಂಗಡಿಯಲ್ಲೇ ಇರುತ್ತಿತ್ತು. ಒಮ್ಮೆ ಬೇಸಿಗೆಗೆಂದು ಬಿಲ್ ಮಾಡಿದ ಫ್ಯಾನುಗಳು ಬಂದದ್ದು ಜುಲೈ ಮಳೆಯಲ್ಲಿ. ಒಂದು ರೂಪಾಯಿ ಕೈಗೆ ಮುಟ್ಟಿಸಿಕೊಂಡಿರಲಿಲ್ಲ, ನಿಜ. ಆದರೆ ಅಪ್ಪನ ಕಾರ್ಖಾನೆಯಲ್ಲಿ ತುಂಡು ನೋಡದೆ ಪಾಸ್ ಎಂದು ಬರೆದವನನ್ನು ಅವತ್ತೇ ಗೇಟಿನಿಂದ ಹೊರಗೆ ಹಾಕುತ್ತಿದ್ದರು.

ವರ್ಷದ ಕೊನೆಯ ತಿಂಗಳುಗಳಲ್ಲಿ ಮುಗಿಬಿದ್ದು ಖರ್ಚು ಮಾಡುವುದು ಆರ್ಥಿಕ ಶಿಸ್ತಿನ ಉಲ್ಲಂಘನೆ ಎಂದು ಕೇಂದ್ರದ ಹಣಕಾಸು ನಿಯಮಗಳೇ ಹೇಳುತ್ತವೆ. ಕೊನೆಯ ಮೂರು ತಿಂಗಳಲ್ಲಿ ಶೇ. 33, ಮಾರ್ಚ್‌ನಲ್ಲಿ ಶೇ. 15 ಮೀರಬಾರದು ಎಂದು ಕೇಂದ್ರ ತನ್ನ ಇಲಾಖೆಗಳಿಗೆ ಮಿತಿಯನ್ನೂ ಹಾಕಿಕೊಂಡಿತು. ನಮ್ಮಲ್ಲಿ ಖಜಾನೆ-2 ತಂತ್ರಾಂಶ ಬಂದ ಮೇಲೆ ಬಿಲ್ಲುಗಳು ಕಂಪ್ಯೂಟರಿನಲ್ಲಿ ಹೋಗತೊಡಗಿದವು. ಪಡಸಾಲೆಯ ಗದ್ದಲ ನಿಂತು, ಅದರ ಜಾಗಕ್ಕೆ ಸರ್ವರ್ ಬಂತು. ಮಂಡಕ್ಕಿ ಗಾಡಿಯವನಿಗೆ ನಷ್ಟವಾದದ್ದು ಬಿಟ್ಟರೆ ಮಾರ್ಚ್ ಮಾರ್ಚ್ ಆಗಿಯೇ ಉಳಿಯಿತು.

ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಗಳಿಗೆ ವರದಿ ಸಿದ್ಧಮಾಡುವುದೂ ಅವನ ಪಾಲಿಗೇ ಬಿತ್ತು. ಆ ವರದಿಯಲ್ಲಿ ಎರಡು ಕಾಲಂ: ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ. ಆರ್ಥಿಕ ಪ್ರಗತಿ ಎಂದರೆ ಊರು ಶ್ರೀಮಂತವಾಯಿತೆಂದಲ್ಲ, ಬಂದ ದುಡ್ಡು ಖರ್ಚಾಯಿತು ಎಂದು. ಅದು ಶೇ. 98 ಇದ್ದರೆ ಸಭೆಯಲ್ಲಿ ಸಾಹೇಬರ ಮುಖ ಅರಳುತ್ತಿತ್ತು. 60 ಇದ್ದರೆ 'ಇನ್ನುಳಿದ 40 ಯಾವಾಗ ಮುಗಿಸ್ತೀರಿ?' ಎಂಬ ತರಾಟೆ. ಕಟ್ಟಿದ ನೀರಿನ ತೊಟ್ಟಿಗೆ ನೀರು ಬಂತೇ, ಕೊಂಡ ಯಂತ್ರಕ್ಕೆ ಕರೆಂಟ್ ಸಿಕ್ಕಿತೇ ಎಂಬ ಮೂರನೇ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ. ಅಪ್ಪ ಕೇಳಿದ ರಿಜೆಕ್ಟ್ ಪೆಟ್ಟಿಗೆ ಇರಬೇಕಾದ ಜಾಗ ಅದೇ. ಕಳ್ಳತನದ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಲೋಕಾಯುಕ್ತದವರು ದಾಳಿ ಮಾಡುತ್ತಾರೆ. ಯಾರೂ ಕದಿಯದೆ, ಎಲ್ಲ ಸಹಿಗಳೂ ಸರಿಯಾಗಿದ್ದು, ಆಡಿಟ್‌ನವರೂ ಟಿಕ್ ಹಾಕಿ ಹೋದ ಮೇಲೆ ಪೋಲಾಗಿ ಬಿದ್ದಿರುವ ದುಡ್ಡಿಗೆ ಮಾತ್ರ ಹೇಳುವವರು ಕೇಳುವವರಿಲ್ಲ.

ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ಬಸ್ಸಿನ ಕಿಟಕಿಯಿಂದ ಗುಮಾಸ್ತ ಕಲ್ಲು ಎಣಿಸುತ್ತಿದ್ದ, ಶಂಕುಸ್ಥಾಪನೆಯ ಕಲ್ಲು. ಚಿಕ್ಕಂದಿನಲ್ಲಿ ಅವನು ಆಡಿದ್ದು ಹರಿಹರೇಶ್ವರನ ಗುಡಿಯಂಗಳದಲ್ಲಿ; ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿಯೂ ಕಲ್ಲುಗಳಿವೆ. ಆದರೆ ದಾನಶಾಸನ ಎಂದರೆ ಕೊಟ್ಟವನಾರು, ಕೊಟ್ಟ ಭೂಮಿ ಎಷ್ಟು, ಅದರ ಎಲ್ಲೆ ಯಾವುದು ಎಂದು ಹೇಳುವಂಥದ್ದು. ನಮ್ಮ ಕರಿ ಗ್ರಾನೈಟಿನಲ್ಲಿ ಹೆಸರುಗಳಷ್ಟೇ; ಎಷ್ಟು ದುಡ್ಡು, ಎಂದು ಮುಗಿಯುತ್ತದೆ ಎಂಬುದು ಇರುವುದಿಲ್ಲ. ಅವನ ಕಚೇರಿಯ ಒಂದು ಕಾಮಗಾರಿಗೆ ಕಲ್ಲನ್ನು ಮೂರು ಸಲ ಕೆತ್ತಿಸಿದರು. ಮೊದಲನೆಯದರಲ್ಲಿ ಒಬ್ಬರ ಹೆಸರು ಶಿಷ್ಟಾಚಾರದ ಪ್ರಕಾರ ಇರಬೇಕಾದ್ದಕ್ಕಿಂತ ಒಂದು ಸಾಲು ಕೆಳಗಿತ್ತು. ಎರಡನೆಯದು ಬರುವಷ್ಟರಲ್ಲಿ ಮಂತ್ರಿ ಬದಲಾಗಿದ್ದರು. ಮೂರನೆಯದನ್ನು ನೆಟ್ಟರು. ಕಟ್ಟಡ ಪಾಯದ ಮೇಲೆ ಏಳಲಿಲ್ಲ. ಮೊದಲ ಕಲ್ಲು ಪಕ್ಕದ ಬೀಡಾ ಅಂಗಡಿಯವನಿಗೆ ಮೆಟ್ಟಿಲಾಗಿ ಬಹಳ ವರ್ಷ ಉಪಯೋಗಕ್ಕೆ ಬಂತು. ಆ ಕಾಮಗಾರಿಯಲ್ಲಿ ನಿಜವಾದ ಭೌತಿಕ ಪ್ರಗತಿ ಅದೊಂದೇ.

2016ರ ಜನವರಿ 28ರಂದು ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಹೊರಬಿತ್ತು. ಕರ್ನಾಟಕದಿಂದ ಎರಡೇ ಹೆಸರು: ಬೆಳಗಾವಿ, ದಾವಣಗೆರೆ. ಬೆಂಗಳೂರಿಗೂ ಇಲ್ಲದ ಪಟ್ಟ ಬೆಣ್ಣೆದೋಸೆಯ ಊರಿಗೆ! ಕೇಂದ್ರದಿಂದ 500 ಕೋಟಿ, ರಾಜ್ಯದಿಂದ ಅಷ್ಟೇ. ಒಟ್ಟು 1000 ಕೋಟಿ, ಐದು ವರ್ಷ. ಊರಿಗೆ ಆದ ಖುಷಿ ಸುಳ್ಳಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿ, 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಬಿರುದು ಶಾಲೆಯ ಪ್ರಬಂಧದಲ್ಲಿ ಮಾತ್ರ ಉಳಿದಿದ್ದ ಊರದು.

ಆ ಯೋಜನಾ ವರದಿಯಲ್ಲಿ ಗುಮಾಸ್ತನ ಮನಸ್ಸಿಗೆ ಹಿಡಿಸಿದ್ದು ಮಂಡಕ್ಕಿ ಭಟ್ಟಿಯ ಪ್ರಸ್ತಾಪ. ಭಟ್ಟಿಯ ಓಣಿಗೆ ಹೋದವರಿಗೆ ಗೊತ್ತು: ಕಾದ ಮರಳಿನಲ್ಲಿ ಅಕ್ಕಿ ಚಟಪಟ ಅರಳುವ ಸದ್ದು, ಒಲೆಗೆ ಹಾಕಿದ ಹಳೆ ಟೈರಿನ ಕರಿ ಹೊಗೆ, ಹುರಿಯುವವರ ಕೆಂಡದಂಥ ಕಣ್ಣು. ಆ ಹೊಗೆ ತಗ್ಗಿಸಿ, ಭಟ್ಟಿಗಳನ್ನು ಆಧುನಿಕಗೊಳಿಸುವ ಮಾತು ಅಲ್ಲಿತ್ತು. ಊರನ್ನು ಬಲ್ಲವರು ಬರೆದ ಸಾಲು ಅದು. ಆದರೆ ಊರಿನ ಜನ 'ಸ್ಮಾರ್ಟ್ ಸಿಟಿ' ಎಂದಾಗ ಬೆರಳು ತೋರಿಸಿದ್ದು ಅಗೆದ ರಸ್ತೆಗಳತ್ತ. ಗುಮಾಸ್ತ ದಿನಾ ಬಸ್ಸಿಳಿದು ನಡೆಯುತ್ತಿದ್ದ ಒಂದು ಬೀದಿ ಮೂರು ವರ್ಷದಲ್ಲಿ ನಾಲ್ಕು ಸಲ ಬಾಯಿಬಿಟ್ಟಿತು. ನೀರಿನ ಪೈಪಿಗೆ ಒಮ್ಮೆ, ಒಳಚರಂಡಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ, ಹಾಕಿದ ಕಾಂಕ್ರೀಟಿನ ಕೆಳಗೆ ಯಾವುದೋ ವಾಲ್ವ್ ಸಿಕ್ಕಿಬಿದ್ದಿದೆ ಎಂದು ಇನ್ನೊಮ್ಮೆ. ನಾಲ್ಕೂ ಬೇರೆ ಬೇರೆ ಕಚೇರಿಯವು, ನಾಲ್ಕಕ್ಕೂ ಬೇರೆ ಬೇರೆ ಬಿಲ್. ಬೀದಿ ಮಾತ್ರ ಒಂದೇ. ನಾಲ್ಕು ಕಡತಗಳನ್ನು ಒಂದು ಮೇಜಿನ ಮೇಲೆ ಇಟ್ಟು ನೋಡಬೇಕಾದವರು ಯಾರು ಎಂದು ಅವನು ಒಬ್ಬ ಕಿರಿಯ ಎಂಜಿನಿಯರನ್ನು ಕೇಳಿದ. "ಸಮನ್ವಯ ಸಮಿತಿ ಇದೆ ಸಾರ್, ಮೀಟಿಂಗೂ ಆಗುತ್ತೆ" ಎಂದನಾತ. "ಅಲ್ಲಿ ಏನು ಕೇಳ್ತಾರೆ?" "ಆರ್ಥಿಕ ಪ್ರಗತಿ."

ಐದು ವರ್ಷದ ಮಿಷನ್ ಮತ್ತೆ ಮತ್ತೆ ಅವಧಿ ವಿಸ್ತರಿಸಿಕೊಂಡು ಮುಗಿದದ್ದು 2025ರಲ್ಲಿ. ತಾರೀಖು ಯಾವುದು ಗೊತ್ತೇ? ಮಾರ್ಚ್ 31.

ನೀರಿನದೂ ಹೇಳಬೇಕು. ತುಂಗಭದ್ರೆ ಹರಿಹರದ ಹೊಸ್ತಿಲಲ್ಲೇ ಹರಿಯುತ್ತಾಳೆ. ದಾವಣಗೆರೆಗೂ ನೀರು ಹೋಗುವುದು ಹರಿಹರದ ಪಕ್ಕದ ರಾಜನಹಳ್ಳಿಯಿಂದ. ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳಿಗೆ ದಿನದ 24 ಗಂಟೆ ನೀರು ಕೊಡುವೆವೆಂದು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಯೋಜನೆ ಬಂತು. ಜನರ ಬಾಯಲ್ಲಿ ಜಲಸಿರಿ. ಮನೆ ಮನೆಗೆ ಮೀಟರು ಕೂತಿತು. ಗುಮಾಸ್ತನ ಹೆಂಡತಿ ಮೀಟರಿನ ಮೇಲೆ ಅರಿಶಿನ ಕುಂಕುಮವಿಟ್ಟು ನೀರಿಗೆ ಕಾದಳು. ಕೊಡಗಳನ್ನು ಅಟ್ಟಕ್ಕೆ ಏರಿಸುವ ಧೈರ್ಯ ಮಾತ್ರ ಅವಳಿಗೆ ಇಂದಿಗೂ ಬಂದಿಲ್ಲ. ಸಾಲದ ಬಡ್ಡಿಗಾದರೆ ಅಂಥ ಅನುಮಾನವಿಲ್ಲ, ಅದು ಹೇಳಿದ ದಿನವೇ ಬರುತ್ತದೆ.

ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗದ್ದು ಒಂದೇ ಸಾಲಿನಲ್ಲಿ ಮುಗಿಯುವ ಕಥೆ. 2011-12ರಲ್ಲಿ ಮಂಜೂರು, ಅರ್ಧ ಖರ್ಚು ಮತ್ತು ಜಮೀನು ರಾಜ್ಯದ್ದು, 2025ರಲ್ಲೂ ಬೆಂಗಳೂರಿನ ರೈಲು ಅರಸೀಕೆರೆ ಸುತ್ತಿಯೇ ದಾವಣಗೆರೆಗೆ ಬರುತ್ತಿತ್ತು.

ಎಲ್ಲವೂ ಹೀಗೇ ಎಂದರೆ ಸುಳ್ಳಾಗುತ್ತದೆ. ಇದೇ ಸರ್ಕಾರ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 'ಭೂಮಿ' ತಂದು, ಶಾನುಭೋಗರ ಕಾಲದಿಂದ ಕೈಬರಹದಲ್ಲಿ ಬಂಧಿಯಾಗಿದ್ದ ಪಹಣಿಯನ್ನು ಕೌಂಟರಿನಲ್ಲಿ ಕೊಡಿಸಿತು. ರೈತ ಚೀಟಿ ಹಿಡಿದು ಹತ್ತೇ ನಿಮಿಷಕ್ಕೆ ಹೊರಬರುವುದನ್ನು ಗುಮಾಸ್ತ ಕಣ್ಣಾರೆ ಕಂಡ. ಅದು ನಡೆದದ್ದು ಹೇಗೆಂದರೆ, ಅಲ್ಲಿ ಅಳೆದದ್ದು ದುಡ್ಡನ್ನಲ್ಲ, ಕೊಟ್ಟ ಪಹಣಿಗಳನ್ನು. 2012ರ ಏಪ್ರಿಲ್ 2ರಂದು, ಗಡುವಿನೊಳಗೆ ಸೇವೆ ಕೊಡಿಸುವ 'ಸಕಾಲ' ಬಂದಾಗ ಅವನಿಗೆ ಅದೇ ಆಸೆ ಹುಟ್ಟಿತ್ತು. ತಡಮಾಡಿದ ನೌಕರನ ಜೇಬಿನಿಂದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಆರು ತಿಂಗಳಲ್ಲಿ ಕಚೇರಿ ಉಪಾಯ ಕಂಡುಕೊಂಡಿತು: ಗಡುವಿನ ಕೊನೆಯ ದಿನ ಸಂಜೆ 'ದಾಖಲೆ ಅಪೂರ್ಣ' ಎಂದು ಅರ್ಜಿ ತಿರಸ್ಕರಿಸುವುದು. ಲೆಕ್ಕದಲ್ಲಿ ಅದೂ ಸಕಾಲದಲ್ಲಿ ವಿಲೇವಾರಿ. ಕೊನೆಗೂ ಕಚೇರಿಗೊಂದು ರಿಜೆಕ್ಟ್ ಪೆಟ್ಟಿಗೆ ಬಂತು, ಆದರೆ ಅದರೊಳಗೆ ಬಿದ್ದದ್ದು ಜನ.

ಮಾಹಿತಿ ಹಕ್ಕಿನ ಕಾಲದ ಒಬ್ಬ ಮುದುಕರು ಅವನಿಗೆ ಆಗಾಗ ನೆನಪಾಗುತ್ತಾರೆ. ಮಲೇಬೆನ್ನೂರು ಕಡೆಯವರು, ಭದ್ರಾ ನಾಲೆಯ ಕೊನೆಯಂಚಿನ ಗದ್ದೆಯವರು. ತಮ್ಮ ಹೊಲದ ದಾರಿಯ ಮೋರಿಗೆ ಎಷ್ಟು ಖರ್ಚಾಗಿದೆ ಎಂದು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದ್ದರು. ಕೇಳಿದ್ದು ಅಳತೆ ಪುಸ್ತಕದ ಒಂದು ಪುಟ. ನಕಲಿಗೆ 2 ರೂಪಾಯಿ. ಆ ಒಂದು ಪುಟಕ್ಕಾಗಿ ಏಳು ಟಿಪ್ಪಣಿ, ಮೂರು ಪತ್ರ, ಎರಡು ರಿಜಿಸ್ಟರ್ಡ್ ಪೋಸ್ಟ್ ಆದವು. ಮೊದಲ ಅರ್ಜಿ ವಾಪಸ್ ಹೋಯಿತು, ಕಾರಣ: ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಅವರದು ಮೀರಿತ್ತು. ಅವರು ಎದುರು ಕುಳಿತು ತಮ್ಮ ಅರ್ಜಿಯಲ್ಲಿನ 'ದಯವಿಟ್ಟು', 'ತಮ್ಮಲ್ಲಿ ವಿನಂತಿ', 'ನಮಸ್ಕಾರಗಳು' ಎಲ್ಲವನ್ನೂ ಪೆನ್ನಿನಿಂದ ಒಂದೊಂದಾಗಿ ಹೊಡೆದುಹಾಕಿದರು. "ಈಗ ಎಣಿಸ್ರಿ ಸಾಹೇಬ್ರೇ" ಎಂದರು. 146 ಬಂತು. ಪುಟ ಸಿಕ್ಕಿತು. ಒಂದೇ ಮೋರಿ ಎರಡು ಅಂದಾಜುಪಟ್ಟಿಯಲ್ಲಿತ್ತು, ಎರಡೂ ಟೆಂಡರ್ ಕರೆಯಬೇಕಾದ ಮಿತಿಗಿಂತ ತುಸುವೇ ಕೆಳಗೆ.

2018ರಲ್ಲಿ ಹರಪನಹಳ್ಳಿ ತಾಲ್ಲೂಕನ್ನು ಮತ್ತೆ ಬಳ್ಳಾರಿಗೆ ಸೇರಿಸಿದರು. ಅದಕ್ಕೆ ಸಕಾರಣವಿತ್ತು, ಸಂವಿಧಾನದ 371(ಜೆ) ಕಲಂನ ಸವಲತ್ತು ಬಳ್ಳಾರಿ ಜಿಲ್ಲೆಗೆ ಸಿಕ್ಕಿ, ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ತಪ್ಪಿತ್ತು, ಜನ ವರ್ಷಗಟ್ಟಲೆ ಹೋರಾಡಿದ್ದರು. ಒಂದು ಶನಿವಾರ ಟೆಂಪೋ ಬಂತು. ಕಡತಗಳನ್ನು ಇಳಿಸಿ ಏರಿಸಲು ಹೊತ್ತಿಲ್ಲವೆಂದು ಹರಪನಹಳ್ಳಿಯ ಕಡತಗಳಿದ್ದ 14/97 ಬೀರುವನ್ನು ಇಡಿಯಾಗಿಯೇ ಹಗ್ಗ ಬಿಗಿದು ಏರಿಸಿದರು. 1997ರಲ್ಲಿ ಬಳ್ಳಾರಿಯಿಂದ ಬಂದ ಕಡತಗಳು ಬಳ್ಳಾರಿಗೆ ವಾಪಸಾದವು. 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆಯಾಯಿತು, ಹರಪನಹಳ್ಳಿ ಅದಕ್ಕೆ ಸೇರಿತು, ಬೀರು ಇನ್ನೊಂದು ಟೆಂಪೋ ಹತ್ತಿ ಹೊಸಪೇಟೆಗೆ ಹೋಯಿತು. ಮೂರು ಬೋರ್ಡು, ಮೂರು ಮೊಹರು.

2024ರ ಮೇ ತಿಂಗಳಲ್ಲಿ ಗುಮಾಸ್ತನ ಪಿಂಚಣಿ ಕಡತಕ್ಕೆ ಬೇಬಾಕಿ ಪ್ರಮಾಣಪತ್ರ ಬೇಕಾಯಿತು. ದಾಸ್ತಾನು ವಹಿಯ ಪ್ರಕಾರ ಅವನ ವಶದಲ್ಲಿ ಆರು ಬೀರು. ಐದು ತುಕ್ಕು ಹಿಡಿದು ಹರಾಜಾಗಿದ್ದವು, ಅದಕ್ಕೆ ಆದೇಶವಿತ್ತು. 'ಸದರಿ ನೌಕರರು 14/97 ಸಂಖ್ಯೆಯ ಬೀರುವನ್ನು ಹಾಜರುಪಡಿಸತಕ್ಕದ್ದು' ಎಂದು ಅವನ ಕಚೇರಿಯೇ ಅವನಿಗೆ ಪತ್ರ ಬರೆಯಿತು. ಆ ಪತ್ರದ ಮಾದರಿಯನ್ನು ಹಿಂದೆ ಕಿರಿಯರಿಗೆ ಕಲಿಸಿಕೊಟ್ಟವನೂ ಅವನೇ. ಬಳ್ಳಾರಿಗೆ ಬರೆದರು, ಹೊಸಪೇಟೆಗೆ ಹೋಗಿದೆ ಎಂದು ಉತ್ತರ ಬಂತು. ಹೊಸಪೇಟೆಗೆ ಬರೆದರು. ನಾಲ್ಕು ತಿಂಗಳ ಮೇಲೆ ಉತ್ತರ: 'ಸದರಿ ಬೀರು ಈ ಕಚೇರಿಯಲ್ಲಿರುತ್ತದೆ. ಕೀಲಿಕೈ ಹಸ್ತಾಂತರವಾಗದ ಕಾರಣ ಇದುವರೆಗೆ ತೆರೆಯಲಾಗಿರುವುದಿಲ್ಲ.'

ಆರು ವರ್ಷ. ಒಂದು ತಾಲ್ಲೂಕಿನ ಕಡತಗಳು ಬೀಗದೊಳಗಿದ್ದವು, ಜೊತೆಗೆ ಆರ್ಥಿಕ ಸಂಹಿತೆಯ ಪುಸ್ತಕವೂ. ಅದನ್ನು ತೆರೆಯಬೇಕಾದ ಅಗತ್ಯ ಎರಡು ಜಿಲ್ಲೆಗಳಲ್ಲಿ ಯಾರಿಗೂ ಬಂದಿರಲಿಲ್ಲ.

ಕೀಲಿಕೈ ಹರಿಹರದ ಮನೆಯಲ್ಲಿತ್ತು, ಅಪ್ಪನ ಫೋಟೋದ ಪಕ್ಕದ ಮೊಳೆಯಲ್ಲಿ, ಕ್ಯಾಲೆಂಡರಿನ ಹಿಂದೆ. ಟೆಂಪೋ ಬಂದ ಶನಿವಾರ ಅವನು ರಜೆಯಲ್ಲಿದ್ದ. ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲೇ ಬಾಗಿಲು ಹಾಕಿತ್ತು. ಆ ಮೇಲೆ ಅಪ್ಪ ಬಹಳ ದಿನ ಬದುಕಲಿಲ್ಲ. ಗುಮಾಸ್ತ ಕೀಲಿಕೈಯನ್ನು ಬಟ್ಟೆಯಲ್ಲಿ ಹೊಲಿದು, ಮೇಲೆ 'ಸದರಿ ಬೀರುವಿನ ಕೀಲಿಕೈ' ಎಂದು ಬರೆದು, ಹರಿಹರದ ಅಂಚೆ ಕಚೇರಿಯಿಂದ ಸ್ವಂತ ಖರ್ಚಿನಲ್ಲಿ ರಿಜಿಸ್ಟರ್ ಮಾಡಿದ. ಸ್ವೀಕೃತಿ ಬಂತು, ಬೇಬಾಕಿ ಪ್ರಮಾಣಪತ್ರ ಬಂತು, ಪಿಂಚಣಿ ಶುರುವಾಯಿತು. ಬೀರು ತೆರೆದರೆಂದು ಇಂದಿನವರೆಗೆ ಯಾವ ಪತ್ರವೂ ಬಂದಿಲ್ಲ.